ಕಾರ್ಡಿನ ವಯಸ್ಸು, ಮಿದುಳಿನ ವಯಸ್ಸು

ಕೋಲಾರದ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಎಂಆರ್‌ಐ ಮಿಷಿನ್ ಓಡಿಸೋಳು ನಾನು. ‘ನಿಮಗೆ ವಯಸ್ಸೆಷ್ಟು’ ಅನ್ನೋ ಪ್ರಶ್ನೆಗೆ ಈ ಜಿಲ್ಲೆಯಲ್ಲಿ ಒಂದು ನೆಟ್ಟಗಿನ ಉತ್ತರ ಸಿಕ್ಕಿದ ದಿನ ನಾನು ಕೋಲಾರಮ್ಮನಿಗೆ ತೆಂಗಿನಕಾಯಿ ಒಡೀತೀನಿ. ಕಾಯಿ ಇನ್ನೂ ಮನೇಲೇ ಇದೆ.

ನಮ್ಮ ಡಾಕ್ಟರು ಮಿದುಳಿನ ಕಾಂಡ ಅಳೀತಾರೆ. ಮಿದುಳಿನಿಂದ ಕತ್ತಿನ ಕಡೆ ಇಳಿಯುತ್ತಲ್ಲ, ಹೆಬ್ಬೆರಳಿನಷ್ಟು ಭಾಗ, ಅದು. ವಯಸ್ಸಾಗ್ತಾ ಅದರ ಮೇಲ್ಭಾಗ ಒಂಚೂರು ಸಣ್ಣಗಾಗುತ್ತೆ. ಹೆಂಗಸರಿಗಿಂತ ಗಂಡಸರಲ್ಲಿ ಸರಾಸರಿ ಒಂಚೂರು ದಪ್ಪ. ಅದಕ್ಕೇ ಫಾರಂನಲ್ಲಿ ವಯಸ್ಸು ಸರಿಯಾಗಿರಬೇಕು, ಇಲ್ಲದಿದ್ರೆ ಇಲ್ಲದ ಕಾಯಿಲೆ ತಲೆಗೆ ಬರುತ್ತೆ. ಕೌಂಟರ್‌ನಲ್ಲಿ ಕೂರೋ ನನ್ನ ಸ್ವಂತ ತಮ್ಮನಿಗೆ ಇದನ್ನ ಸಾವಿರ ಸಲ ಹೇಳಿದೀನಿ. ಅವನು ಆಧಾರ್ ಕಾರ್ಡ್ ನೋಡಿ ಬರ್ಕೋತಾನೆ, ಅಷ್ಟೇ.

ದಪ್ಪ ಇದ್ರೆ ಏನಂತೆ

ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡೋ ಒಬ್ಬ ತಲೆನೋವು ಅಂತ ಹೆಂಡತಿ ಜೊತೆ ಬಂದ. ಸ್ಕ್ಯಾನ್ ಆಯ್ತು, ಏನೂ ತೊಂದರೆ ಇರಲಿಲ್ಲ. ಸುಮ್ನೆ ಹೋಗಬಾರದಾ? ಡಾಕ್ಟರು ಗಂಡಸರ ಅಳತೆ ಬಗ್ಗೆ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು.

“ಕೇಳ್ದೇನೇ, ನಮ್ಮದು ದಪ್ಪ ಅಂತೆ,” ಅಂದ ಹೆಂಡತಿಗೆ.

ನನಗೆ ಮೈಯೆಲ್ಲಾ ಉರೀತು. “ಸರಾಸರಿ ಅಂದ್ರೆ ಎಲ್ಲಾ ಗಂಡಸರನ್ನೂ ಸೇರಿಸಿ ಹೇಳೋದು. ದಪ್ಪ ಇದ್ರೆ ಬುದ್ಧಿ ಜಾಸ್ತಿ ಅಂತೇನೂ ಅಲ್ಲ,” ಅಂದೆ. ಕೇಳಿಸಿಕೊಂಡರೆ ತಾನೇ. ಮೀಸೆ ಸವರಿಕೊಂಡು ಹೊರಟವನು ಬಾಗಿಲಲ್ಲಿ ನಿಂತು ಜೇಬೆಲ್ಲಾ ತಡಕಾಡಿದ. ಒಳಗೆ ಹೋಗೋ ಮುಂಚೆ ಬೈಕ್ ಕೀ ಹೆಂಡತಿ ಕೈಗೆ ಕೊಟ್ಟಿದ್ದು ಮರೆತೇಹೋಗಿತ್ತು.

ಆಕೆ ಕೀ ತೋರಿಸಿ, “ದಪ್ಪ ಇರೋರು ಹುಡುಕಿಕೊಳ್ಳಲಿ ಅಂತ ಸುಮ್ನಿದ್ದೆ,” ಅಂದ್ಲು.

ಮೇಷ್ಟ್ರ ಮೂರು ವಯಸ್ಸು

ಮುಳಬಾಗಿಲಿನ ಒಬ್ಬ ರಿಟೈರ್ಡ್ ಮೇಷ್ಟ್ರು. ಓದಿದವರು, ಇವರಾದ್ರೂ ಸರಿ ಹೇಳ್ತಾರೆ ಅಂದ್ಕೊಂಡೆ.

“ಯಾವ ವಯಸ್ಸು ಬೇಕಮ್ಮ? ಸರ್ವೀಸಿನದು ಒಂದಿದೆ, ಆಧಾರ್‌ದು ಒಂದಿದೆ, ಜಾತಕದ್ದು ಒಂದಿದೆ,” ಅಂದ್ರು, ತರಕಾರಿ ಅಂಗಡಿಯವರ ಹಾಗೆ.

“ಸಾರ್, ನಿಮ್ಮ ಮಿದುಳು ಯಾವುದನ್ನ ಒಪ್ಪುತ್ತೋ ಅದನ್ನ ಹೇಳಿ,” ಅಂದೆ, ಸಿಟ್ಟು ನುಂಗಿಕೊಂಡು.

ಮೇಷ್ಟ್ರು ಹೆಂಡತಿ ಕೂತಿದ್ದ ಹೊರಗಿನ ಬೆಂಚಿನ ಕಡೆ ತಿರುಗಿ, “ಅದು ನಲವತ್ತು ವರ್ಷದಿಂದ ನಮ್ಮ ಮನೆಯವರು ಹೇಳಿದ್ದನ್ನೇ ಒಪ್ಪೋದು, ಅವರನ್ನೇ ಕೇಳಿ,” ಅಂದ್ರು.

ರಾಯಲ್ಪಾಡಿನ ಅಜ್ಜಿ

ಇದು ಮಾತ್ರ ನಗೋ ವಿಷಯ ಆಗಿರಲಿಲ್ಲ. ರಾಯಲ್ಪಾಡಿನ ಅಜ್ಜಿ ಟೊಮೇಟೊ ತೋಟದಲ್ಲಿ ಎರಡು ಸಲ ಬಿದ್ದಿದ್ರು. ಕಾರ್ಡ್ ನೋಡಿ ತಮ್ಮ ಫಾರಂನಲ್ಲಿ ಬರೆದ ವಯಸ್ಸು ಐವತ್ತೆಂಟು. ಡಾಕ್ಟರು ಅಳತೆ ನೋಡಿ ಮುಖ ಸಣ್ಣಗೆ ಮಾಡ್ಕೊಂಡ್ರು. ಈ ವಯಸ್ಸಿಗೆ ಇಷ್ಟು ತೆಳ್ಳಗಿರಬಾರದು, ಅದರ ಮೇಲೆ ಬೇರೆ ಬೀಳ್ತಿದಾರೆ, ನರಗಳ ಕಾಯಿಲೆ ಇರಬಹುದು, ಬೆಂಗಳೂರಿಗೆ ಕರ್ಕೊಂಡು ಹೋಗಿ ಅಂದ್ರು. ಮಗ ಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಳ್ತಿದ್ದ.

ಅವನ ತಲೆಯೆಲ್ಲಾ ಬೆಳ್ಳಗಾಗಿತ್ತು. ಅನುಮಾನ ಬಂದು, “ನಿಮಗೆಷ್ಟು ವಯಸ್ಸು?” ಅಂತ ಕೇಳಿದೆ.

“ಐವತ್ತೈದು ಮೇಡಂ.”

ನನ್ನ ಸಿಟ್ಟು ನೆತ್ತಿಗೇರಿತು. “ಏನಜ್ಜಿ, ಮೂರನೇ ವರ್ಷಕ್ಕೇ ಮಗನ್ನ ಹೆತ್ತೆಯಾ?”

“ನಾಕೇಂ ತೆಲುಸು ತಲ್ಲಿ,” ನನಗೇನು ಗೊತ್ತು ತಾಯಿ ಅಂತ ಮೊದಲು ತೆಲುಗಲ್ಲಿ ಜಾರಿಕೊಂಡ್ರು. ಗದರಿದ ಮೇಲೆ ಕನ್ನಡಕ್ಕೆ ಬಂದ್ರು. “ಸಂಘದ ಇನ್ಶೂರೆನ್ಸ್‌ಗೆ ಅರವತ್ತು ದಾಟಬಾರದು ಅಂದ್ರು. ನಾನು ದಾಟಲಿಲ್ಲ.”

ಲೆಕ್ಕ ಹಾಕಿದ್ರೆ ಎಪ್ಪತ್ತೈದರ ಮೇಲಿತ್ತು. ಡಾಕ್ಟರು ಮತ್ತೆ ನೋಡಿದ್ರು. ಆ ವಯಸ್ಸಿಗೆ ಅಳತೆ ಸರಿಯಾಗೇ ಇತ್ತು. ನಡೆಸಿ ನೋಡಿದ್ರು, ಕಣ್ಣಿಗೆ ಟಾರ್ಚ್ ಬಿಟ್ಟರು. ಎರಡೂ ಕಣ್ಣಲ್ಲಿ ಪೊರೆ. ಅಜ್ಜಿ ಬಿದ್ದಿದ್ದು ತೋಟದ ಡ್ರಿಪ್ ಪೈಪ್ ಕಾಣದೆ ಎಡವಿ. ಮಗ ಎದ್ದು ಕೈಮುಗಿದ.

ಇಷ್ಟಾದ ಮೇಲೆ ನಾನು ಬಿಡ್ತೀನಾ? ತಮ್ಮನನ್ನ ಕರೆದು ಅಜ್ಜಿ ಎದುರಿಗೇ ಝಾಡಿಸಿದೆ. “ಲೇ, ಕಾರ್ಡ್ ನೋಡಿ ಬರೀಬೇಡ, ಮನುಷ್ಯರನ್ನ ನೋಡಿ ಬರಿ. ಒಂದು ಸುಳ್ಳಿಗೆ ಒಂದು ಜೀವ ಹೆದರಿ ಸಾಯ್ತಿತ್ತು ಕಣೋ.”

ಡಾಕ್ಟರಿಗೆ ಖುಷಿಯಾಯ್ತು. “ಹೋಲಿಸಿ ನೋಡೋಕೆ ಆರೋಗ್ಯವಾಗಿರೋರ ಅಳತೆನೂ ನನಗೆ ಬೇಕು. ಮೊದಲು ಅಕ್ಕ ತಮ್ಮ ನೀವಿಬ್ಬರೇ ಫಾರಂ ತುಂಬಿ,” ಅಂದ್ರು. ತುಂಬಿ ಕೊಟ್ವಿ. ಅವರು ಗಟ್ಟಿಯಾಗಿ ಓದಿದ್ರು. “ತಮ್ಮ, ನಲವತ್ತು. ಅಕ್ಕ, ಮೂವತ್ತೆಂಟು.”

ನಾನು ಬಾಯಿ ಬಿಡೋಕೆ ಮುಂಚೆ ಅಜ್ಜಿ ನನ್ನ ಕೈ ಹಿಡ್ಕೊಂಡ್ರು. “ಏಮ್ಮಾ, ನಾನು ಮೂರಕ್ಕೆ ಹೆತ್ತೆ, ಸರಿ. ನಿನ್ನ ತಮ್ಮ ಎರಡು ವರ್ಷ ಮುಂಚೆನೇ ಹುಟ್ಟಿ, ಅಕ್ಕ ಬರ್ಲಿ ಅಂತ ಕಾಯ್ತಾ ಕೂತಿದ್ನಾ?”