ಮುನಿಶಾಮಪ್ಪನವರ ಫೋಟೊ ಹಾಗೂ ಪದೇಪದೇ ನಿಂತುಹೋಗುವ ಮುದ್ರಣ ಸೇವೆ

ತಾಲ್ಲೂಕು ಉಪ ಕಚೇರಿ, ಶಿಡ್ಲಘಟ್ಟ
(ಇಲಾಖೆಯ ನಾಮಫಲಕವು ಬಣ್ಣ ಬಳಿಸಲು ಹೋಗಿದ್ದು ಇನ್ನೂ ವಾಪಸಾಗದ ಕಾರಣ ಇಲಾಖೆಯ ಹೆಸರನ್ನು ಇಲ್ಲಿ ನಮೂದಿಸಿರುವುದಿಲ್ಲ)

ಸಂಖ್ಯೆ: ತಾಉಕ/ಗಣಕ/ಮುದ್ರಣ/ನಿಂತಿದೆ/17/2008-09
ದಿನಾಂಕ: 31-03-2009

ಸುತ್ತೋಲೆ

ವಿಷಯ: ಕಚೇರಿಯ ಗಣಕಯಂತ್ರದ ಮುದ್ರಣ ಸೇವೆಯು ಹೇಳದೆ ಕೇಳದೆ ನಿಂತುಹೋಗುತ್ತಿರುವ ಬಗ್ಗೆ.

ಉಲ್ಲೇಖ: ಇದೇ ವಿಷಯದ ಹಿಂದಿನ ಹದಿನಾರು ಸುತ್ತೋಲೆಗಳು (ಸೇವೆ ನಿಂತಿದ್ದರಿಂದ ಒಂದೂ ಮುದ್ರಣವಾಗಿರುವುದಿಲ್ಲ).

ಪ್ರಸ್ತಾವನೆ: ಈ ಕಚೇರಿಯ ಏಕೈಕ ಗಣಕಯಂತ್ರದಲ್ಲಿ ಸ್ಪೂಲರ್ ಎಂಬ ಸೇವೆಯೊಂದಿದ್ದು, ಮುದ್ರಿಸಬೇಕಾದ ಪತ್ರಗಳನ್ನು ಸರದಿಯಲ್ಲಿ ನಿಲ್ಲಿಸಿ ಒಂದೊಂದಾಗಿ ಪ್ರಿಂಟರ್‌ಗೆ ಕಳುಹಿಸುವುದು ಅದರ ಕರ್ತವ್ಯವಾಗಿರುತ್ತದೆ. ಸದರಿ ಸೇವೆಯು ಎರಡು ತಿಂಗಳಿಂದ ಯಾವುದೇ ರಜಾ ಅರ್ಜಿ ಸಲ್ಲಿಸದೆ ಗೈರುಹಾಜರಾಗುತ್ತಿದ್ದು, ಕಚೇರಿಯ ಮಾನ ಬೀದಿಗೆ ಬಂದಿದೆ. ಆದ್ದರಿಂದ ಸಮಸ್ತ ಸಿಬ್ಬಂದಿಯ ಗಮನಕ್ಕೆ ಈ ಕೆಳಕಂಡ ಅಂಶಗಳನ್ನು ತರಲಾಗಿದೆ.

1. ಗುತ್ತಿಗೆ ಆಧಾರದ ಡಾಟಾ ಎಂಟ್ರಿ ಆಪರೇಟರ್ ಕು. ಲಾವಣ್ಯರವರು ಪರಿಶೀಲಿಸಿ ವರದಿ ಮಾಡಿರುವಂತೆ, ಜನವರಿ ಕೊನೆಗೆ ನಿವೃತ್ತರಾದ ಅಧೀಕ್ಷಕ ಶ್ರೀ ಮುನಿಶಾಮಪ್ಪನವರು ತಮ್ಮ ಬೀಳ್ಕೊಡುಗೆಯ ಫೋಟೊವನ್ನು, ಪೇಟ ಹಾರ ಸಮೇತ, ಇಪ್ಪತ್ತೈದು ಪ್ರತಿ ಮುದ್ರಿಸಲು ಕೊಟ್ಟು ಮನೆಗೆ ತೆರಳಿದ್ದಾರೆ. ಅಷ್ಟರಲ್ಲಿ ಕರೆಂಟ್ ಹೋಗಿ, ಫೋಟೊ ಅರ್ಧಕ್ಕೆ ಕೆಟ್ಟು, ಸರದಿಯಲ್ಲಿ ಎಲ್ಲಕ್ಕಿಂತ ಮುಂದೆ ಕೂತಿದೆ. ಗಣಕಯಂತ್ರವನ್ನು ಚಾಲೂ ಮಾಡಿದಾಗಲೆಲ್ಲ ಸ್ಪೂಲರ್ ಮೊದಲು ಅದನ್ನೇ ಎತ್ತಿಕೊಳ್ಳಲು ಹೋಗಿ, ಎರಡು ನಿಮಿಷ ಒದ್ದಾಡಿ, ಮಲಗಿಬಿಡುತ್ತದೆ.

2. ಸೇವೆಯನ್ನು ನಿಲ್ಲಿಸಿ, ಸರದಿಯ ಫೋಲ್ಡರ್ ಖಾಲಿ ಮಾಡಿ, ಮತ್ತೆ ಶುರು ಮಾಡಿದರೆ ಎಲ್ಲವೂ ಸರಿಹೋಗುವುದೆಂದು ಸದರಿ ಲಾವಣ್ಯರವರು ಸಲಹೆ ನೀಡಿರುತ್ತಾರೆ. ಈ ಸಲಹೆಯನ್ನು ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಲಾಗಿದೆ. ಅಧೀಕ್ಷಕರ ದಾಖಲೆಯನ್ನು ಗುತ್ತಿಗೆ ನೌಕರರೊಬ್ಬರು ಅಳಿಸುವುದೆಂದರೇನು? ಊಟ, ಪ್ರಯಾಣ, ಮುದ್ರಣ ಈ ಮೂರರಲ್ಲಿಯೂ ಜ್ಯೇಷ್ಠತೆಯನ್ನು ಪಾಲಿಸುವುದು ಈ ಕಚೇರಿಯ ಪದ್ಧತಿ. ಹಿರಿಯರ ಫೋಟೊ ಮುಂದೆ ಇರುವಾಗ ಕಿರಿಯರ ಕಾಗದ ಹೊರಬರತಕ್ಕದ್ದಲ್ಲ.

3. ಸರದಿಯಲ್ಲಿ ಫೋಟೊದ ಹಿಂದೆ ಉಲ್ಲೇಖಿತ ಹದಿನಾರು ಸುತ್ತೋಲೆಗಳಿದ್ದು, ಹದಿನೆಂಟನೆಯದು ಸದರಿ ಲಾವಣ್ಯರವರ ಗುತ್ತಿಗೆಯನ್ನು ಒಂದು ವರ್ಷ ಮುಂದುವರಿಸುವ ಆದೇಶವಾಗಿರುತ್ತದೆ. ಅದು ಇಂದು ಸಂಜೆ ಐದೂವರೆಯೊಳಗೆ ಮುದ್ರಿತವಾಗಿ ಸಹಿಯಾಗದಿದ್ದರೆ ನಾಳೆಯಿಂದ ಅವರಿಗೆ ಕೆಲಸವಿರುವುದಿಲ್ಲ. ಅಂಬಾಜಿದುರ್ಗದ ಮಗ್ಗುಲಿನ ಹಳ್ಳಿಯಿಂದ ಎರಡು ಬಸ್ಸು ಹಿಡಿದು, ಮೂರು ವರ್ಷದಲ್ಲಿ ಒಂದು ದಿನವೂ ತಡವಾಗದೆ ಬಂದಿದ್ದಾರೆಂದು ಹಾಜರಿ ಪುಸ್ತಕದಿಂದ ತಿಳಿದುಬರುತ್ತದೆ. ಬೆಳಗಿನಿಂದ ಅವರಿಗೆ ಅಳು ಬರುತ್ತಿದ್ದು, ಕಚೇರಿ ವೇಳೆಯಲ್ಲಿ ಅಳಲು ಅವಕಾಶವಿಲ್ಲದ ಕಾರಣ ತಡೆಹಿಡಿಯಲಾಗಿರುತ್ತದೆ. ಈ ಬಗ್ಗೆ ಕಚೇರಿಗೂ ವಿಷಾದವಿದೆ. ಆದರೂ ಸರದಿ ಸರದಿಯೇ.

4. ಮಧ್ಯಾಹ್ನದ ಊಟ ಬಿಟ್ಟು ಸದರಿ ಲಾವಣ್ಯರವರು ಶ್ರೀ ಮುನಿಶಾಮಪ್ಪನವರ ಮನೆಗೆ ಓಡಿಹೋಗಿ ಒಪ್ಪಿಗೆ ಕೋರಿದ್ದು, ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ ಅವರು, "ಏಮಮ್ಮಾ, ನಾನು ರಿಟೈರ್ ಆಗಿ ಎರಡು ತಿಂಗ್ಳಾಯ್ತು, ಇನ್ನೂ ನನ್ನೇ ಮುಂದೆ ನಿಲ್ಲಿಸ್ಕೊಂಡು ಕೂತಿದೀರಾ? ಅಳಿಸಾಕಮ್ಮ, ಪುಣ್ಯ ಬರ್ತದೆ" ಎಂದಿರುತ್ತಾರೆ. ಬಾಯಿಮಾತಿನ ಒಪ್ಪಿಗೆಯನ್ನು ಮಾನ್ಯ ಮಾಡಲು ಬರುವುದಿಲ್ಲ. ಒಪ್ಪಿಗೆ ಪತ್ರವನ್ನು ನಿಗದಿತ ನಮೂನೆಯಲ್ಲಿ ಮೂರು ಪ್ರತಿ ಇದೇ ಪ್ರಿಂಟರ್‌ನಲ್ಲಿ ಮುದ್ರಿಸಿ ಸಲ್ಲಿಸತಕ್ಕದ್ದು.

5. ಕೈಬರಹದ ಆದೇಶಗಳನ್ನು ಯಾವುದೇ ಕಾರಣಕ್ಕೂ ಪುರಸ್ಕರಿಸಲಾಗುವುದಿಲ್ಲ. ಬಾಗಿಲಿಗೆ 'ಸಂಪೂರ್ಣ ಗಣಕೀಕೃತ ಕಚೇರಿ' ಎಂದು ಕೈಯಲ್ಲಿ ಬರೆದು ಅಂಟಿಸಿರುವುದನ್ನು ಎಲ್ಲರೂ ನೋಡಿರುತ್ತಾರೆ.

6. ಜವಾನರಾದ ಶ್ರೀಮತಿ ಶ್ಯಾಮಲಮ್ಮನವರು ಪ್ರಿಂಟರ್‌ಗೆ ಕುಂಕುಮವಿಟ್ಟು, ಕಾಗದದ ತಟ್ಟೆಯ ಕೆಳಗೆ ನಿಂಬೆಹಣ್ಣು ಇರಿಸಿರುವುದು ಗಮನಕ್ಕೆ ಬಂದಿದೆ. ಕುಂಕುಮವನ್ನು ಹೊರಮೈಗೆ ಮಾತ್ರ ಇಡತಕ್ಕದ್ದು. ನಿಂಬೆಹಣ್ಣನ್ನು ದಾಸ್ತಾನು ಪುಸ್ತಕಕ್ಕೆ ತೆಗೆದುಕೊಳ್ಳಲಾಗಿದ್ದು, ಇನ್ನು ಮುಂದೆ ಶರಬತ್ತಿಗೆ ಬಳಸುವಂತಿಲ್ಲ.

7. ಮುದ್ರಣ ಬರಲಿಲ್ಲವೆಂದು ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದನ್ನು ನಿಷೇಧಿಸಿದೆ. ದ್ವಿತೀಯ ದರ್ಜೆ ಸಹಾಯಕ ಶ್ರೀ ಕೋನಪ್ಪನವರು ಒಂದು ದಿನದ ರಜಾ ಅರ್ಜಿಗೆ ಇಪ್ಪತ್ತಮೂರು ಸಲ ಒತ್ತಿದ್ದು, ಇಪ್ಪತ್ತಮೂರು ದಿನದ ರಜೆ ಕೋರಿದ್ದಾರೆಂದೇ ಪರಿಗಣಿಸಿ ಮಂಜೂರು ಮಾಡಲಾಗಿದೆ. ಅವರು ಬೇಡವೆಂದರೂ ಕೇಳಲಾಗುವುದಿಲ್ಲ.

8. ಈ ಸುತ್ತೋಲೆಯನ್ನು ಕೆಳಗೆ ಸಹಿ ಮಾಡುವವರು ಹೇಳುತ್ತಿದ್ದು, ಬೇರಾರಿಗೂ ಬೆರಳಚ್ಚು ಬಾರದ ಕಾರಣ ಸದರಿ ಲಾವಣ್ಯರವರೇ ಬೆರಳಚ್ಚು ಮಾಡುತ್ತಿದ್ದಾರೆ. ಹೇಳಿದ್ದನ್ನು ಒಂದಕ್ಷರವೂ ಬಿಡದೆ ಬೆರಳಚ್ಚು ಮಾಡತಕ್ಕದ್ದೆಂದು ಅವರಿಗೆ ಸೂಚಿಸಲಾಗಿದೆ. ಕೋನಪ್ಪ, ಟೀ ಬಂತೇನ್ರೀ? ಬೋಂಡ ಇದ್ರೆ ಎರಡು ಹೇಳ್ರಿ. ಏನಮ್ಮ, ಇದನ್ನೂ ಹೊಡೆದ್ಯಾ? ಅಯ್ಯೋ ನಿನ್ನ!

9. (ಸಂಜೆ 5.12ಕ್ಕೆ ಸೇರಿಸಲಾಗಿದೆ) ಸಿಬ್ಬಂದಿಯ ಗಮನವು ಬೋಂಡದ ಕಡೆ ಇದ್ದ ವೇಳೆ ಪ್ರಿಂಟರ್ ಇದ್ದಕ್ಕಿದ್ದಂತೆ ಗರ್ ಎಂದು, ಮೇಲ್ಕಂಡ ಎಂಟು ಕಂಡಿಕೆಗಳು ಬಿಸಿಬಿಸಿಯಾಗಿ ಹೊರಬಂದಿರುತ್ತವೆ. ಶ್ರೀಮತಿ ಶ್ಯಾಮಲಮ್ಮನವರು ನಿಂಬೆಹಣ್ಣಿಗೆ ಕೈಮುಗಿದರು. ಶ್ರೀ ಕೋನಪ್ಪನವರು ಚಪ್ಪಾಳೆ ತಟ್ಟಿದ್ದು, ಐದು ಗಂಟೆಯ ನಂತರವೂ ಅವರು ಕಚೇರಿಯಲ್ಲಿ ಇದ್ದದ್ದು ಪ್ರತ್ಯೇಕ ಆಶ್ಚರ್ಯದ ವಿಷಯವಾಗಿರುತ್ತದೆ.

10. ತತ್‌ಕ್ಷಣವೇ ಕಾರಣ ಕೇಳಲಾಗಿ, ಸದರಿ ಲಾವಣ್ಯರವರು ಎದ್ದು ನಿಂತು ನೀಡಿದ ಹೇಳಿಕೆ: "ನಾನೇ ಸಾರ್ ಮಾಡಿದ್ದು. ಸರ್ವೀಸ್ ನಿಲ್ಲಿಸ್ದೆ, ಫೋಲ್ಡರ್ ಖಾಲಿ ಮಾಡ್ದೆ, ಮತ್ತೆ ಶುರು ಮಾಡ್ದೆ. ಎರಡೇ ನಿಮಿಷ. ನನ್ ಆರ್ಡರೂ ಅದರ ಜೊತೇಲೇ ಹೋಯ್ತು. ಹೆಂಗೂ ನಾಳೆಯಿಂದ ಕೆಲಸ ಇಲ್ಲ, ಇನ್ಯಾವ ಸೀನಿಯಾರಿಟಿಗೆ ಹೆದರ್ಲಿ? ನಿಮಗಾದ್ರೂ ಪ್ರಿಂಟ್ ಬರ್ಲಿ ಅಂತ ಮಾಡ್ದೆ." ಈ ಹೇಳಿಕೆಯ ನಂತರ ಶ್ರೀ ಕೋನಪ್ಪನವರು ಕೈಯಲ್ಲಿದ್ದ ಬೋಂಡವನ್ನು ತಟ್ಟೆಗೆ ವಾಪಸು ಇಟ್ಟಿರುತ್ತಾರೆ.

11. ಇದು ಘೋರ ಅಪರಾಧ. ಇಲಾಖಾ ವಿಚಾರಣೆ ನಡೆಯಲೇಬೇಕು. ಆದರೆ ಸೇವೆಯಲ್ಲಿ ಇಲ್ಲದವರನ್ನು ವಿಚಾರಣೆ ಮಾಡಲು ನಿಯಮದಲ್ಲಿ ಅವಕಾಶವಿಲ್ಲ. ಆರೋಪಿಯು ಐದೂವರೆಗೆ ಸೇವೆಯಿಂದ ಬಿಡುಗಡೆ ಹೊಂದಿ ಸುಲಭವಾಗಿ ಪಾರಾಗುವ ಸಂಭವವಿದ್ದು, ಹಾಗೆ ಬಿಟ್ಟುಕೊಡಲು ಈ ಕಚೇರಿಯೇನು ಕಡಲೆಕಾಯಿ ತಿನ್ನುತ್ತಾ ಕೂತಿಲ್ಲ. ಆದ್ದರಿಂದ ಅವರ ಗುತ್ತಿಗೆಯನ್ನು ಒಂದು ವರ್ಷ ಮುಂದುವರಿಸಿ, ಆದೇಶವನ್ನು ಅವರಿಂದಲೇ ಬೆರಳಚ್ಚು ಮಾಡಿಸಿ, 5.26ಕ್ಕೆ ಮುದ್ರಿಸಿ, 5.28ಕ್ಕೆ ಸಹಿ ಹಾಗೂ ಮೊಹರು ಹಾಕಲಾಗಿದೆ. ತಡೆಹಿಡಿಯಲಾಗಿದ್ದ ಅಳುವನ್ನು 5.29ಕ್ಕೆ ಬಿಡುಗಡೆ ಮಾಡಲು ಅನುಮತಿಸಿದೆ.

12. ವಿಚಾರಣಾಧಿಕಾರಿಯಾಗಿ ಶ್ರೀ ಕೋನಪ್ಪನವರನ್ನು ನೇಮಿಸಿದ್ದು, ತಮ್ಮ ಇಪ್ಪತ್ತಮೂರು ದಿನದ ರಜೆ ಮುಗಿಸಿ ಬಂದು, ಸಾವಕಾಶವಾಗಿ ವಿಚಾರಣೆ ಆರಂಭಿಸತಕ್ಕದ್ದು. ವರ್ಷದೊಳಗೆ ಮುಗಿಯದಿದ್ದಲ್ಲಿ ಗುತ್ತಿಗೆಯನ್ನು ಇನ್ನೊಂದು ವರ್ಷ ಮುಂದುವರಿಸತಕ್ಕದ್ದು. ಶ್ರೀ ಕೋನಪ್ಪನವರು ಕೈಗೆತ್ತಿಕೊಂಡ ಯಾವ ಕೆಲಸವೂ ಇದುವರೆಗೆ ವರ್ಷದೊಳಗೆ ಮುಗಿದ ನಿದರ್ಶನವಿಲ್ಲ.

13. ವಿಚಾರಣೆ ಮುಗಿಯುವವರೆಗೆ ಮುದ್ರಣ ಸೇವೆಯನ್ನು ಆರೋಪಿಯ ಹೊರತು ಬೇರಾರೂ ಮುಟ್ಟುವಂತಿಲ್ಲ.

ಸಹಿ/-
(ವೆಂಕಟರವಣಪ್ಪ)
ಪ್ರಭಾರ ಅಧೀಕ್ಷಕರು

ಪ್ರತಿಗಳು:
1. ಶ್ರೀ ಮುನಿಶಾಮಪ್ಪ, ನಿವೃತ್ತ ಅಧೀಕ್ಷಕರು: ಸರದಿಯಿಂದ ಗೌರವಪೂರ್ವಕ ಬಿಡುಗಡೆಗಾಗಿ. ಆರೋಪಿಯು ಹೊಸದಾಗಿ ಸ್ಕ್ಯಾನ್ ಮಾಡಿ ಮುದ್ರಿಸಿದ ಫೋಟೊ ಒಂದು ಲಗತ್ತಿಸಿದೆ. ಪೇಟ ಚೆನ್ನಾಗಿ ಬಂದಿದೆ.
2. ಶ್ರೀ ಕೋನಪ್ಪ: ರಜೆಗೆ ಹೊರಡಲು.
3. ಶ್ರೀಮತಿ ಶ್ಯಾಮಲಮ್ಮ: ನಿಂಬೆಹಣ್ಣಿನ ಯಶಸ್ಸಿನ ಬಗ್ಗೆ ಊರೆಲ್ಲ ಹೇಳಬಾರದೆಂಬ ಸೂಚನೆಯೊಂದಿಗೆ.
4. ಸೂಚನಾ ಫಲಕಕ್ಕೆ (ಕಂಡಿಕೆ 8ರ ಕೊನೆಯ ಸಾಲುಗಳನ್ನು ಕಾಗದ ಅಂಟಿಸಿ ಮುಚ್ಚುವುದು).
5. ಕು. ಲಾವಣ್ಯ, ಆರೋಪಿ: ನಾಳೆ ಬೆಳಿಗ್ಗೆ ಹತ್ತಕ್ಕೆ ಎಂದಿನಂತೆ ತಡವಾಗದೆ ಬಂದು, ಎಚ್ಚರಿಕೆ ಪತ್ರವನ್ನು ತಾವೇ ಬೆರಳಚ್ಚು ಮಾಡಿ, ಮುದ್ರಿಸಿ, ಸ್ವೀಕರಿಸಲು.