ಗಲ್ಲಿಗೇರಿದವನ ಮೀಸೆ

ಮಗಳು ಶಾಲೆಯಿಂದ ಕಲಿತು ತಂದ ಆಟ ಗಂಗಾಧರನಿಗೆ ಸುತರಾಂ ಹಿಡಿಸಿರಲಿಲ್ಲ. ಒಬ್ಬರು ಮನಸ್ಸಿನಲ್ಲಿ ಒಂದು ಪದ ಇಟ್ಟುಕೊಂಡು ಅಕ್ಷರಕ್ಕೊಂದು ಗೆರೆ ಎಳೆಯಬೇಕು, ಇನ್ನೊಬ್ಬರು ಅಕ್ಷರ ಊಹಿಸಬೇಕು. ಊಹೆ ತಪ್ಪಿದಂತೆಲ್ಲ ಮೊದಲು ಕಂಬ, ತೊಲೆ, ಹಗ್ಗ, ಆಮೇಲೆ ತಲೆ, ಮೈ, ಕೈ, ಕಾಲು. ಎರಡನೇ ಕಾಲು ಮೂಡಿತೋ, ಮನುಷ್ಯನ ಕಥೆ ಮುಗಿಯಿತು. ಕೊಟ್ಟೂರಿನಲ್ಲಿ ಗೊಬ್ಬರದ ಅಂಗಡಿ ನಡೆಸುವ ಗಂಗಾಧರ ಬಲು ಮೆತ್ತಗಿನ ಆಸಾಮಿ. (ಸಾಲ ಕೇಳಲು ಬಂದವರ ಮುಂದೆ ಅಲ್ಲ.)

ಆ ಭಾನುವಾರ ಬೆಳಿಗ್ಗೆ, ವಾರಕ್ಕೊಮ್ಮೆ ದರ್ಶನ ಕೊಡುವ ನಲ್ಲಿ ನೀರು ಬಂದಿತ್ತು. ಅದೇ ದಿನ ಹಲವಾಗಲಿನಿಂದ ಮಾವ ಉಜ್ಜಿನಪ್ಪ ಬರುವವರಿದ್ದರು. ಸ್ನಾನ, ಲಿಂಗಪೂಜೆ ಆಗದೆ ಒಂದು ಗುಟುಕು ಚಹಾ ಕುಡಿಯದ ಹಿರಿಯರು. ಹೆಂಡತಿ ಸುಮಲತಾ ಹಿತ್ತಲ ತೊಟ್ಟಿಗೆ ಪೈಪು ಇಳಿಬಿಟ್ಟು, ಅಪ್ಪನನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೊರಟಳು. "ತೊಟ್ಟಿ ತುಂಬೋತನಕ ಪೈಪಿನ ಕಡಿ ಲಕ್ಷ್ಯ ಇರಲಿ ರಿ. ಅದು ಜಾರತೈತಿ" ಎಂದು ಎರಡೆರಡು ಸಲ ಹೇಳಿಯೇ ಹೋದಳು.

ಗಂಗಾಧರ ಪಡಸಾಲೆಯಲ್ಲಿ ಮಗಳು ನಾಗರತ್ನಳ ಜೊತೆ ಆಟಕ್ಕೆ ಕುಳಿತ. ಕಡಪ ಕಲ್ಲಿನ ನೆಲದ ಮೇಲೆ ಚಾಕ್‌ಪೀಸಿನ ಮನುಷ್ಯ ನೇತಾಡತೊಡಗಿದ. ಮಗಳು ಅವನನ್ನೇ ನೋಡುತ್ತ ಕೇಳಿದಳು:

"ಅಪ್ಪಾ, ಅಕ್ಷರ ತಪ್ಪು ಹೇಳಿದ್ದು ನಾನು. ಇವನ್ಯಾಕ ಸಾಯಬೇಕು?"

ಗಂಗಾಧರನಿಗೆ ಎದೆಯಲ್ಲಿ ಚುರುಕ್ ಎಂದಿತು. ಹೌದಲ್ಲ, ತಪ್ಪು ಒಬ್ಬರದು, ಕುಣಿಕೆ ಇನ್ನೊಬ್ಬರಿಗೆ! ಕೂಡಲೇ ಎದ್ದು ನಿಂತು ಸುಗ್ರೀವಾಜ್ಞೆ ಹೊರಡಿಸಿದ: ಇನ್ನು ಈ ಮನೆಯಲ್ಲಿ ನಿರಪರಾಧಿಗೆ ಗಲ್ಲಿಲ್ಲ, ಯಾರು ತಪ್ಪು ಮಾಡುತ್ತಾರೋ ಅವರದೇ ಚಿತ್ರ. ನ್ಯಾಯ, ನೀತಿ, ಧರ್ಮ ಎಂದು ಭಾಷಣ ಬೆಳೆಯಿತು. ನಡುವೆ ಮಗಳು, ಹಿತ್ತಲಲ್ಲಿ ನೀರಿನ ಸಪ್ಪಳ ಬೇರೆಯಾಗಿದೆ ಎಂದಳು. ದೊಡ್ಡವರು ಮಾತಾಡುವಾಗ ಬಾಯಿ ಹಾಕಬಾರದು ಎಂಬ ಉಪನಿಯಮವನ್ನೂ ಅವಳಿಗೆ ಅಲ್ಲೇ ತಿಳಿಸಲಾಯಿತು.

ಧರ್ಮ ಮುಗಿಯುವ ಹೊತ್ತಿಗೆ ನೀರೂ ಮುಗಿದಿತ್ತು. ಪೈಪು ತೊಟ್ಟಿಯಿಂದ ಜಾರಿ, ಬಂದ ನೀರೆಲ್ಲ ಮೋರಿಯ ಪಾಲಾಗಿತ್ತು. ಅಷ್ಟರಲ್ಲಿ ಮಾವ ಬಾಗಿಲಲ್ಲಿ ನಿಂತಿದ್ದರು, ಬಸ್ಸಿನ ಧೂಳಿನಲ್ಲಿ, ಸ್ನಾನಕ್ಕೆ ಟವೆಲು ಹೆಗಲಿಗೇರಿಸಿಕೊಂಡೇ.

ಗಂಗಾಧರನ ಬಾಯಿಂದ ಮಾತು ತಾನಾಗಿ ಹೊರಬಿತ್ತು: "ಪೈಪ್ ಸರಿ ಕಟ್ಟದ ಹೋಗ್ಯಾಳ್ರಿ ಮಾವಾರ, ನಿಮ್ಮ ಮಗಳು."

ಸುಮಲತಾ ಗಂಡನ ಮುಖ ನೋಡಿದಳು. ಅಪ್ಪನೆದುರು ಗಂಡನಿಗೆ ಎದುರಾಡುವ ಹೆಣ್ಣಲ್ಲ ಅವಳು. ತವರಿನವರು ಬಂದ ಸಂತೋಷವೆಲ್ಲ ಆ ಮುಖದಿಂದ ಇಳಿದುಹೋಯಿತು. ಉಜ್ಜಿನಪ್ಪನವರು ಮೆಲ್ಲಗೆ, ಒಂದು ಪೈಪು ಕಟ್ಟಲು ಬರುವುದಿಲ್ಲವೇನವ್ವ ಎಂದದ್ದೇ ಅವಳ ಕಣ್ಣು ತುಂಬಿತು. ಗಂಗಾಧರನಿಗೆ ಪಾಪ ಎನಿಸಿತು. ಆದರೂ ಸುಮ್ಮನಿದ್ದ.

ಪಡಸಾಲೆಯಲ್ಲಿ ಚಾಕ್‌ಪೀಸಿನ ಕಿರ್ರ್ ಸದ್ದು. ಕಂಬ, ತೊಲೆ, ಹಗ್ಗ ಎದ್ದವು. ಹಗ್ಗಕ್ಕೆ ಒಂದು ತಲೆ ಬಂತು, ತಲೆಗೆ ಕನ್ನಡಕ, ಕನ್ನಡಕದ ಕೆಳಗೆ ದಪ್ಪ ಮೀಸೆ. ಮೈ ಬಂತು, ಕೈಗಳು ಬಂದವು, ಒಂದು ಕಾಲೂ ಬಂತು. ಉಜ್ಜಿನಪ್ಪ ಬಗ್ಗಿ ನೋಡಿದರು.

"ಯಾರವ್ವ ಇವನು?"

"ಪೈಪ್ ಕಾಯಬೇಕಾಗಿದ್ದವನು, ಅಜ್ಜ. ತಪ್ಪು ಮಾಡಿದವರದ ಚಿತ್ರ ತೆಗೀಬೇಕು ಅಂತ ಅಪ್ಪನ ಹೇಳ್ಯಾನ."

ಉಜ್ಜಿನಪ್ಪನವರು ಮೀಸೆ ನೋಡಿದರು, ಅಳಿಯನನ್ನು ನೋಡಿದರು, ಹೆಗಲ ಟವೆಲು ಇಳಿಸಿ ಮಡಚಿಟ್ಟರು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಗಂಗಾಧರನಿಗೆ.

"ಅಕಿದೇನೂ ತಪ್ಪಿಲ್ರಿ ಮಾವಾರ. ನಾನಾ ಮರ್ತು ಕುಂತೆ" ಎಂದವನೇ ಎರಡು ಕೊಡ ಹಿಡಿದು ಪಕ್ಕದ ಎರ್ರೆಮ್ಮನ ಮನೆಗೆ ಹೊರಟ. ಬೀದಿಯ ಜನ ನೋಡನೋಡುತ್ತಿದ್ದಂತೆ ಮಾವನ ಸ್ನಾನಕ್ಕೆ, ಪೂಜೆಗೆ, ಚಹಾಕ್ಕೆ ನೀರು ಹೊತ್ತ.

ಕೊನೆಯ ಕೊಡ ಇಳಿಸಿ, ಸೊಂಟ ಹಿಡಿದುಕೊಂಡು ನೆಲದ ಕಡೆ ನೋಡಿದ. ಮೀಸೆಯವನು ಒಂಟಿ ಕಾಲಲ್ಲಿ ಇನ್ನೂ ನೇತಾಡುತ್ತಿದ್ದ.

"ಅಳಿಸಿಬಿಡು ಪುಟ್ಟಿ. ನಾನು ಒಪ್ಪಿಕೊಂಡೆ ಅಲ್ಲ?"

"ಅದಕ್ಕಾ ಇನ್ನೊಂದು ಕಾಲು ಬರೆದಿಲ್ಲ" ಎಂದಳು ನಾಗರತ್ನ. "ಚಾಕ್‌ಪೀಸ್ ಅವ್ವನ ಕೈಗೆ ಕೊಟ್ಟೀನಿ."

ಸುಮಲತಾ ಚಾಕ್‌ಪೀಸನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಅಪ್ಪನಿಗೆ ಚಹಾ ಕಾಸಲು ಒಳಗೆ ಹೋದಳು.