ಕಚ್ಚುವ ಚಾಳಿ ಯಾರದು?

ಎಪ್ಪತ್ನಾಲ್ಕನೇ ಇಸವಿಯ ಒಂದು ರವಿವಾರ ಬೆಳಿಗ್ಗೆ ಇಂಡಿ ಪಟ್ಟಣದ ಓಣಿಯೊಂದರಲ್ಲಿ ನಾಲ್ಕು ವರ್ಷದ ಅಮೋಘಸಿದ್ಧ, ಗಲ್ಲ ಸವರಲು ಬಂದ ಪಕ್ಕದ ಮನೆಯ ನಿಂಬೆ ವ್ಯಾಪಾರಿ ಅಮೀನುದ್ದೀನನ ಹೆಬ್ಬೆರಳನ್ನು ಕಬ್ಬಿನ ತುಂಡಿನಂತೆ ಕಚ್ಚಿ ಹಿಡಿದ. ಬಿಡಿಸಲು ಅರ್ಧ ಓಣಿ ಕೂಡಬೇಕಾಯಿತು.

ಅಪ್ಪ ರೇವಣಪ್ಪ ಗುಡುಗಿ ಕೋಲೆತ್ತಿದ. ಅವ್ವ ಕಸ್ತೂರೆವ್ವ ಮಗನ ಬಾಯಿಗೆ ಬೆಲ್ಲ ಇಟ್ಟಳು.

"ಹಿಂಗ ಬೆಲ್ಲಾ ಕೊಟ್ಟ ಕೆಡಿಸಿಟ್ಟೀದಿ!" ಎಂದಳು ಅತ್ತೆ ಶೆಟ್ಟೆವ್ವ.

"ನಾ ಏನ್ ಕೆಡಸ್ಲಿ? ನಿಮ್ಮ ಮನಿತನದ ರಕ್ತಾನ ಉರಿ ರಕ್ತ ಐತ್ರಿ!" ಎಂದಳು ಸೊಸೆ.

ಇಬ್ಬರ ಮಾತೂ ಖರೆ ಅನ್ನಿಸಿ ರೇವಣಪ್ಪ ಗೊಂದಲಕ್ಕೆ ಬಿದ್ದ.

ಬೆರಳಿಗೆ ಅರಿವೆ ಸುತ್ತಿಕೊಂಡ ಅಮೀನುದ್ದೀನ ನಡುವೆ ಬಂದ. "ರಕ್ತ ಅಲ್ರಿ, ಸಾಕೂ ರೀತಿ. ನಮ್ಮ ಮಗಾ ಮಲಿಕನ್ನ ನೋಡ್ರಿ, ಆಕಳ ಕರಾ ಇದ್ದಂಗ. ಇವತ್ತೊಂದಿನ ಹುಡುಗರನ್ನ ಅದಲ್‌ಬದಲ್ ಮಾಡೂಣು. ಸಂಜಿಗೆ ಖರೆ ಹೊರಬೀಳತೈತಿ."

ರೇವಣಪ್ಪನ ಮನೆಯಲ್ಲಿ ಮಲಿಕ ಮಧ್ಯಾಹ್ನದ ತನಕ ಗಪ್ಪಾಗಿ ಕೂತಿದ್ದ. ಆಮೇಲೆ ಕೈತಪ್ಪಿ ನೀರಿನ ಚರಿಗೆ ಉರುಳಿಸಿದ. ರೂಢಿಯಂತೆ ರೇವಣಪ್ಪ ಗುಡುಗಿದ. ರೂಢಿಯಂತೆ ಕಸ್ತೂರೆವ್ವ ಬೆಲ್ಲ ತಂದಳು. ಹುಡುಗ ಇಬ್ಬರ ಮುಖವನ್ನೂ ನೋಡಿದ. ಎರಡನೆಯ ಸಲ ಚರಿಗೆಯನ್ನು ಬೇಕೆಂದೇ ಉರುಳಿಸಿದ. ಹೊತ್ತು ಇಳಿಯುವಾಗ ರೇವಣಪ್ಪನ ಮೊಣಕಾಲಿಗೆ ಹಲ್ಲು ಊರಿದ.

ಅಷ್ಟರಲ್ಲಿ ಅಮೀನುದ್ದೀನ ಅಮೋಘಸಿದ್ಧನ ಕೈಹಿಡಿದು ಬಂದ. "ದಿನಾಪೂರ್ತಿ ನಮ್ಮ ಮನ್ಯಾಕಿ ನಜಮಾನ ಕೂಡ ಕೂತು ನಿಂಬಿಹಣ್ಣ ಆರಿಸಿದ. ಯಾರಿಗೂ ಬಾಯಿ ಹಾಕಿಲ್ಲ!"

ತನ್ನ ಮನೆಯ ಹೊಸ್ತಿಲು ಕಂಡದ್ದೇ ಹುಡುಗ "ನಾ ಒಲ್ಲೆ!" ಎಂದು ಚೀರಿ ಅಮೀನುದ್ದೀನನ ಇನ್ನೊಂದು ಹೆಬ್ಬೆರಳನ್ನೂ ಕಚ್ಚಿದ.

"ನೋಡ್ರಿ, ರಕ್ತ!" ಎಂದಳು ಕಸ್ತೂರೆವ್ವ.

"ಮತ್ತ ನಮ್ಮ ಮಲಿಕಂದು ಯಾರ ರಕ್ತ?" ಅಮೀನುದ್ದೀನ ಕೂಗಿದ.

"ಬೆಲ್ಲದ ರೂಢಿ!" ಎಂದಳು ಶೆಟ್ಟೆವ್ವ.

ಬಾಗಿಲಲ್ಲಿ ಜನ ಕೂಡಿತು. ಒಬ್ಬ ರಕ್ತ ಅಂದ, ಇನ್ನೊಬ್ಬ ಸಾಕಣೆ ಅಂದ, ಮತ್ತೊಬ್ಬ ಎರಡೂ ಅಂದ. ರೇವಣಪ್ಪನ ತಲೆ ಹಿಟ್ಟಿನ ಗಿರಣಿಯಂತೆ ಗಿರ್ರೆನ್ನತೊಡಗಿತು. ಅಮೀನುದ್ದೀನ ಅವನ ಮೂಗಿನ ಮುಂದೆ ತೋರುಬೆರಳು ಅಲ್ಲಾಡಿಸಿದ. "ನಿಮ್ಮ ಮನಿ ಹವಾನ ಕೆಟ್ಟೈತಿ, ರೇವಣಪ್ಪಣ್ಣ! ಮೊದಲ ನೀವು..."

ಮಾತು ಅಲ್ಲಿಗೇ ನಿಂತಿತು. ರೇವಣಪ್ಪ ಆ ಬೆರಳನ್ನು ಕಚ್ಚಿ ಹಿಡಿದಿದ್ದ.

ಹುಡುಗರಿಬ್ಬರೂ ಬೆರಗಾಗಿ ನೋಡಿದರು. ಶೆಟ್ಟೆವ್ವ ಹಣೆ ಬಡಿದುಕೊಂಡಳು.

"ಯವ್ವಾ! ನನ್ನ ಮಗಾ ಸಣ್ಣಂವಿದ್ದಾಗ ಒಂದ ಇರವಿನೂ ಕಚ್ಚಿದಂವಲ್ಲ. ಮೊಮ್ಮಗನ ರಕ್ತ ಅಪ್ಪಗ ಏರೇತಿ!"

"ಹೌದೇನ್ರಿ?" ಎಂದು ಎಲ್ಲರೂ ರೇವಣಪ್ಪನನ್ನೇ ಕೇಳಿದರು. ಉತ್ತರ ಹೇಳಬೇಕೆಂದರೆ ಅವನು ಮೊದಲು ಬೆರಳು ಬಿಡಬೇಕಿತ್ತು.